ಮಾಂಟ್ರಿಯಲ್‌ಗೆ ಹೊರಟ ತಮ್ಮನಿಗೆ: ಗೇಮ್‌ನಲ್ಲಿ ಮನುಷ್ಯರ ಚಿತ್ರ ಬರೆಯುವ ಕೆಲಸ ಮಾಡಬಹುದಾ?

ವ ಅಲೈಕುಮುಸ್ಸಲಾಂ ತಮ್ಮಾ. ಕೆನಡಾದ ಮಾಂಟ್ರಿಯಲ್‌ನ ಗೇಮ್ ಸ್ಟುಡಿಯೊದಿಂದ ಕ್ಯಾರೆಕ್ಟರ್ ಆರ್ಟಿಸ್ಟ್ ಕೆಲಸಕ್ಕೆ ಆಫರ್ ಬಂದಿದೆ ಎಂದು ಬರೆದಿದ್ದೀಯ. ಹುಬ್ಬಳ್ಳಿಯಲ್ಲಿ ನಿನ್ನ ಅಬ್ಬಾ ಮಾತ್ರ "ಜೀವ ಇರೋದರ ಚಿತ್ರ ಬರೆದು ತಂದ ದುಡ್ಡು ಈ ಮನೆಗೆ ಬೇಡ" ಅಂದಿದ್ದಾರೆ. ಇಲ್ಲಿರುವ ಮುಸ್ಲಿಮರು ಇದನ್ನು ಹೇಗೆ ನಿಭಾಯಿಸುತ್ತಾರೆ, ನಮಾಜಿಗೆ ಬಿಡುವು ಸಿಗುತ್ತಾ, ಟೀಚರ್ ಆಗಿರುವ ಹೆಂಡತಿಗೆ ಕೆಲಸ ಸಿಗುತ್ತಾ ಎಂದು ಕೇಳಿದ್ದೀಯ. ಅಬ್ಬಾ ಮಾತಿನಿಂದಲೇ ಶುರು ಮಾಡುತ್ತೇನೆ.

ಅವರ ಮಾತನ್ನು ಹಳೇ ಕಾಲದ್ದು ಎಂದು ತಳ್ಳಿಹಾಕಬೇಡ. ಬುಖಾರಿ ಸಂಗ್ರಹದಲ್ಲಿ ಒಂದು ಹದೀಸ್ (ಪ್ರವಾದಿಯ ನುಡಿ, ನಡೆಯ ವರದಿ) ಇದೆ, ನೀನೇ ಎದುರಿಗೆ ನಿಂತು ಕೇಳಿದ ಹಾಗೆ ಇದೆ. ಒಬ್ಬ ಮನುಷ್ಯ ಪ್ರವಾದಿಯ ಸಂಗಾತಿ ಇಬ್ನ್ ಅಬ್ಬಾಸ್ (ರ) ಹತ್ತಿರ ಬರುತ್ತಾನೆ. ನನ್ನ ಹೊಟ್ಟೆಪಾಡು ಈ ಕೈಗಳಿಂದಲೇ, ನಾನು ಚಿತ್ರ ಮಾಡುವವನು ಎನ್ನುತ್ತಾನೆ. ಪ್ರವಾದಿ (ಸ) ಅವರಿಂದ ಕೇಳಿದ್ದನ್ನು ಇಬ್ನ್ ಅಬ್ಬಾಸ್ ಹೇಳುತ್ತಾರೆ: ಚಿತ್ರ ಮಾಡಿದವನಿಗೆ, ಅದಕ್ಕೆ ಜೀವ ತುಂಬುವವರೆಗೂ ಶಿಕ್ಷೆ ತಪ್ಪದು, ಅವನಿಂದ ತುಂಬಲು ಎಂದೂ ಆಗದು. ಆ ಮನುಷ್ಯ ಉಸಿರು ಎಳೆದುಕೊಳ್ಳುತ್ತಾನೆ, ಮುಖ ಬಿಳಿಚಿಕೊಳ್ಳುತ್ತದೆ. ಆಗ ಇಬ್ನ್ ಅಬ್ಬಾಸ್ ಅವನನ್ನು ಬರಿಗೈಲಿ ಕಳಿಸುವುದಿಲ್ಲ. ಮಾಡಲೇಬೇಕು ಅಂತಿದ್ದರೆ ಈ ಮರಗಳನ್ನು ಮಾಡು, ಜೀವ ಇಲ್ಲದ್ದನ್ನು ಮಾಡು ಎನ್ನುತ್ತಾರೆ.

ನಾನು ಈ ಊರಿಗೆ ಬಂದಾಗಿನಿಂದ ಮಾಡುತ್ತಿರುವುದು ಅದೇ ಕೆಲಸ. ಎನ್ವಿರಾನ್‌ಮೆಂಟ್ ಆರ್ಟ್. ಮರ, ಬಂಡೆ, ಗೋಡೆ, ಬಾವಿಕಟ್ಟೆ. ಒಂದು ಮರ ಎಂದರೆ ಸಣ್ಣ ಕೆಲಸ ಅಲ್ಲ. ಬೇರು ನೆಲದಿಂದ ಎಲ್ಲಿ ಏಳಬೇಕು, ತೊಗಟೆಯ ಬಿರುಕಿನಲ್ಲಿ ಪಾಚಿ ಯಾವ ಬದಿಗೆ ಕೂತಿರಬೇಕು, ಗಾಳಿ ಬೀಸಿದಾಗ ರೆಂಬೆ ಎಷ್ಟು, ಎಲೆ ಎಷ್ಟು ಅಲುಗಾಡಬೇಕು, ಎಲ್ಲವನ್ನೂ ಕೂತು ನೋಡಬೇಕು. ನಾನು ಕರಾವಳಿಯವನು, ನಮ್ಮದು ಶಾಫಿ ಮದ್‌ಹಬ್ (ಧರ್ಮಶಾಸ್ತ್ರದ ಪಂಥ). ಅದರ ದೊಡ್ಡ ವಿದ್ವಾಂಸ ಇಮಾಂ ನವವಿ ಅವರು ಜೀವಿಗಳ ಚಿತ್ರಕ್ಕೆ, ಅದು ನೆರಳು ಬೀಳುವ ವಿಗ್ರಹವಾಗಲಿ ನೆರಳಿಲ್ಲದ ಚಪ್ಪಟೆ ಚಿತ್ರವಾಗಲಿ, ಅನುಮತಿ ಕೊಡುವುದಿಲ್ಲ. ನಿಮ್ಮ ಹನಫಿ ಪಂಥದ ಉಲಮಾಗಳೂ (ವಿದ್ವಾಂಸರೂ) ಹೆಚ್ಚುಕಡಿಮೆ ಅಷ್ಟೇ ಬಿಗಿ. ಅಬ್ಬಾ ಮಾತಿನ ಹಿಂದೆ ಇಷ್ಟು ದೊಡ್ಡ ಪರಂಪರೆ ಇದೆ.

ಆದರೆ ಇಲ್ಲಿಗೆ ಬಂದು ಮಸೀದಿಯಲ್ಲಿ ಕೇಳಿದರೆ ಬೇರೆ ಉತ್ತರವೂ ಸಿಗುತ್ತದೆ. ಮಾಂಟ್ರಿಯಲ್ ಮುಸ್ಲಿಮರಲ್ಲಿ ಮೊರೊಕ್ಕೊ, ಅಲ್ಜೀರಿಯಾದವರು ಜಾಸ್ತಿ. ಅವರು ಮಾಲಿಕಿ ಪಂಥದವರು. ಪೂರ್ತಿ ಅಂಗಾಂಗ ಇರುವ, ನೆರಳು ಬೀಳುವ ವಿಗ್ರಹ ಹರಾಂ, ಗೋಡೆ ಬಟ್ಟೆ ಮೇಲಿನ ಚಪ್ಪಟೆ ಚಿತ್ರ ಮಕ್ರೂಹ್ (ಮಾಡದಿದ್ದರೆ ಒಳ್ಳೆಯದು) ಅಷ್ಟೇ ಎಂದು ಆ ಮದ್‌ಹಬ್‌ನ ಅನೇಕರು ಮೊದಲಿನಿಂದಲೂ ಹೇಳುತ್ತಾ ಬಂದಿದ್ದಾರೆ. ಬಟ್ಟೆಯ ಮೇಲಿನ ಚಿತ್ತಾರಕ್ಕೆ ವಿನಾಯಿತಿ ಕೊಟ್ಟ ಹದೀಸ್ ಅವರಿಗೆ ಆಧಾರ. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಅಬ್ದುಹ್ ಇನ್ನೂ ಮುಂದೆ ಹೋದರು. ಪೂಜೆಯ ಭಯ ಇಲ್ಲದ ಕಡೆ ಚಿತ್ರ ಅರಿವಿಗೆ ಸಾಧನ ಎಂದು ಇಪ್ಪತ್ತನೇ ಶತಮಾನದ ಶುರುವಿನಲ್ಲೇ ವಾದಿಸಿದರು. ನಮಾಜಿನಲ್ಲಿ ನನ್ನ ಪಕ್ಕದ ಸಫ್‌ನಲ್ಲಿ (ಸಾಲಿನಲ್ಲಿ) ನಿಲ್ಲುವ ಮೊರೊಕ್ಕೊದ ಗೆಳೆಯ ಕ್ಯಾರೆಕ್ಟರ್ ಆರ್ಟಿಸ್ಟ್. ಅವನ ನಮಾಜ್ ನನ್ನದಕ್ಕಿಂತ ಕಮ್ಮಿ ಎಂದು ನನಗೆ ಒಂದು ದಿನವೂ ಅನಿಸಿಲ್ಲ.

ಇನ್ನು ಕಂಪ್ಯೂಟರ್ ವಿಷಯ. ಝಡ್‌ಬ್ರಷ್ ಎಂಬ ಕೆತ್ತನೆಯ ಸಾಫ್ಟ್‌ವೇರ್‌ನಲ್ಲಿ ನೀನು ಕೆತ್ತುವ ತಲೆ ಚಪ್ಪಟೆಯಾ, ವಿಗ್ರಹವಾ? ಗೇಮ್ ಒಳಗೆ ಅದಕ್ಕೆ ನೆರಳಿದೆ. ಹೊರಗೆ ಅದು ಬರೀ ಅಂಕಿಗಳು. ಪರದೆಯ ಮೇಲಿನ ರೂಪ ಬೆಳಕಿನ ಕಣ, ಅಲ್ಲಿ ನಿಲ್ಲುವುದಿಲ್ಲ, ಮುದ್ರಿಸುವ ತನಕ ಅದು ನಿಷೇಧಿತ ಚಿತ್ರ ಅಲ್ಲ ಎಂಬುದು ಪಾಕಿಸ್ತಾನದ ಮುಫ್ತಿ ತಖಿ ಉಸ್ಮಾನಿ ಅವರ ನಿಲುವು. ದೇವಬಂದ್‌ನ ದಾರುಲ್ ಉಲೂಮ್ ಮದರಸಾ ಇದನ್ನು ಒಪ್ಪುವುದಿಲ್ಲ, ಡಿಜಿಟಲ್ ಆದರೂ ಚಿತ್ರ ಚಿತ್ರವೇ ಎನ್ನುತ್ತದೆ. ಇಬ್ಬರೂ ಹನಫಿಗಳೇ, ನೋಡು. ಒಂದು ಸೂಕ್ಷ್ಮ ಇದೆ. ಗೇಮ್ ಜನಪ್ರಿಯವಾದರೆ ಅದೇ ಮಾಡೆಲ್‌ನಿಂದ ಕಪಾಟಿನಲ್ಲಿಡುವ ಗೊಂಬೆ ಮಾಡಿ ಮಾರುತ್ತಾರೆ. ಆಗ ಅದಕ್ಕೆ ನಿಜವಾದ ನೆರಳು ಬೀಳುತ್ತದೆ. ಮಾಲಿಕಿ ಅಭಿಪ್ರಾಯ ಹಿಡಿದವನಿಗೂ ಅಲ್ಲಿ ಯೋಚನೆ ತಪ್ಪಿದ್ದಲ್ಲ.

ಪ್ರವಾದಿಯ ಪತ್ನಿ ಆಯಿಶಾ (ರ) ಅವರ ಗೊಂಬೆಗಳ ಹದೀಸ್ ನಿನಗೆ ಗೊತ್ತಿದೆ ಅಲ್ವಾ? ಅಬೂ ದಾವೂದ್ ಎಂಬ ಹದೀಸ್ ಸಂಗ್ರಹದಲ್ಲಿದೆ. ಗಾಳಿಗೆ ಪರದೆ ಸರಿದು ಗೊಂಬೆಗಳು ಕಾಣುತ್ತವೆ. ನಡುವೆ ಬಟ್ಟೆಯ ರೆಕ್ಕೆ ಇರುವ ಕುದುರೆ. ಕುದುರೆಗೆ ರೆಕ್ಕೆಯಾ ಎಂದು ಪ್ರವಾದಿ (ಸ) ಕೇಳುತ್ತಾರೆ. ಸುಲೈಮಾನ್ (ಅ) ಅವರ ಕುದುರೆಗಳಿಗೆ ಇತ್ತು ಅಂತ ನೀವು ಕೇಳಿಲ್ಲವಾ ಎಂದು ಆಯಿಶಾ ಹೇಳುತ್ತಾರೆ. ಪ್ರವಾದಿ ಮನಸಾರೆ ನಗುತ್ತಾರೆ. ಮಕ್ಕಳ ಆಟಿಕೆಗೆ ಉಲಮಾಗಳು ದಾರಿ ತೆರೆದದ್ದು ಇದರಿಂದಲೇ. ದೊಡ್ಡವರು ರಾತ್ರಿಯೆಲ್ಲ ಕೂತು ಆಡುವ ಶೂಟಿಂಗ್ ಗೇಮ್‌ಗೆ ಇದನ್ನು ಎಳೆದು ತರುವುದು ನನಗೆ ಸರಿ ಕಾಣುವುದಿಲ್ಲ. ಮಕ್ಕಳ ಕಲಿಕೆಯ ಗೇಮ್ ಆದರೆ ಮಾತು ಬೇರೆ.

ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ್ ಕಾಲದಲ್ಲಿ ಅಷ್ಟು ಚೆಂದದ ಮನುಷ್ಯರ ಚಿತ್ರಗಳು ಬಂದವಲ್ಲ ಎಂದು ನೀನು ಕೇಳಿದ್ದೆ. ನಿಜ, 1580ರಿಂದ 1627ರವರೆಗಿನ ಅವನ ಆಳ್ವಿಕೆಯಲ್ಲಿ ಬರೆದ ಚಿತ್ರಗಳು ಇವತ್ತು ಲಂಡನ್‌ನ ಮ್ಯೂಸಿಯಂನಲ್ಲೂ ಇವೆ. ನನಗೂ ಅವುಗಳ ಮೇಲೆ ಬಹಳ ಪ್ರೀತಿ. ಆದರೆ ಸುಲ್ತಾನರು ಮಾಡಿದ್ದು ದೀನ್‌ಗೆ (ಧರ್ಮಕ್ಕೆ) ಪುರಾವೆ ಆಗುವುದಿಲ್ಲ. ಅಬ್ಬಾ ಮುಂದೆ ಈ ವಾದ ಇಡಬೇಡ.

ಈಗ ನನ್ನ ಮನಸ್ಸಿನ ಮಾತು. ಚಿತ್ರ ಬರೆಯಬಹುದಾ ಎನ್ನುವುದರಲ್ಲಿ ಭಿನ್ನಾಭಿಪ್ರಾಯ ಇದೆ, ಏನು ಬರೆಯಬಾರದು ಎನ್ನುವುದರಲ್ಲಿ ಬಹುಪಾಲು ಇಲ್ಲ. ಅರೆಬೆತ್ತಲೆ ಹೆಂಗಸರು, ಪೂಜೆ ಮಾಡಿಸಿಕೊಳ್ಳುವ ವಿಗ್ರಹಗಳು, ಪ್ರವಾದಿಗಳ ರೂಪ, ದುಡ್ಡು ಕೊಟ್ಟು ಒಳಗೇನಿದೆ ಎಂದು ತಿಳಿಯದೆ ತೆರೆಯುವ ಜೂಜಿನ ಡಬ್ಬಿ (ಲೂಟ್ ಬಾಕ್ಸ್). ಸ್ಟುಡಿಯೊದಲ್ಲಿ ನಿನಗೆ ಕಷ್ಟ ಬರುವುದು ಇಲ್ಲೇ. 2020ರಲ್ಲಿ ಪಬ್‌ಜಿ ಮೊಬೈಲ್‌ನಲ್ಲಿ ಆಟಗಾರರು ವಿಗ್ರಹದಂಥ ಟೋಟೆಮ್ ಕಂಬಗಳ ಮುಂದೆ ಬಾಗುವ ಹಾಗೆ ಮಾಡಿದ್ದರು. ಕೊಲ್ಲಿ ದೇಶಗಳಲ್ಲಿ ದೂರು ಎದ್ದ ಮೇಲೆ ಕ್ಷಮೆ ಕೇಳಿ ತೆಗೆದರು. 2012ರಲ್ಲಿ ಕಾಲ್ ಆಫ್ ಡ್ಯೂಟಿ ಎಂಬ ಶೂಟಿಂಗ್ ಗೇಮ್‌ನ ಒಂದು ಮ್ಯಾಪ್ (ಆಟ ನಡೆಯುವ ತಾಣ) ವಾಪಸ್ ಪಡೆಯಬೇಕಾಯಿತು. ಅಲ್ಲಾಹನು ಸುಂದರನು, ಸೌಂದರ್ಯವನ್ನು ಪ್ರೀತಿಸುತ್ತಾನೆ ಎಂಬ ಹದೀಸನ್ನು ಅರಬಿಯಲ್ಲಿ ಬರೆದ ಚೌಕಟ್ಟನ್ನು ಬಚ್ಚಲುಮನೆಯ ಗೋಡೆಗೆ ತೂಗುಹಾಕಿದ್ದರು. ಓದಲು ಬರುವ ಒಬ್ಬರು ಮೊದಲೇ ನೋಡಿದ್ದರೆ ಅದು ಅಲ್ಲಿಗೆ ಹೋಗುತ್ತಿರಲಿಲ್ಲ. ನಿನ್ನಂಥವರು ತಂಡದಲ್ಲಿ ಇರಬೇಕು ಎಂದು ನನಗೆ ಅನಿಸುವುದು ಇದಕ್ಕೇ.

ಆದ್ದರಿಂದ ಸಹಿ ಹಾಕುವ ಮುಂಚೆ ಗೆರೆ ಎಳೆದುಕೋ. ನಿನ್ನ ವರ್ಕ್ ಪರ್ಮಿಟ್ ಒಂದೇ ಕಂಪನಿಗೆ ಕಟ್ಟಿದ್ದಾಗಿದ್ದರೆ, ಬಂದ ಮೇಲೆ ಇದು ನನ್ನಿಂದ ಆಗಲ್ಲ ಎಂದು ಎದ್ದು ಬೇರೆ ಕಡೆ ಹೋಗುವುದು ಸುಲಭ ಅಲ್ಲ. ಯಾವ ಪ್ರಾಜೆಕ್ಟ್ ಎಂದು ಕೇಳು. ಹೆಸರು ಹೇಳದಿದ್ದರೂ ಎಂಥದ್ದು ಎಂದು ಹೇಳುತ್ತಾರೆ. ಇಂಥ ಪಾತ್ರಗಳನ್ನು ನಾನು ಮಾಡುವುದಿಲ್ಲ ಎಂದು ತಂಡದ ಲೀಡ್‌ಗೆ ನೇರವಾಗಿ ಹೇಳು, ದೊಡ್ಡ ಭಾಷಣ ಬೇಡ. ಇಲ್ಲಿ ಜನ ಅದನ್ನು ಗೌರವದಿಂದಲೇ ಕೇಳುತ್ತಾರೆ. ಮನಸ್ಸು ಒಪ್ಪದಿದ್ದರೆ ಪೋರ್ಟ್‌ಫೋಲಿಯೊಗೆ ಮರ, ಕಟ್ಟಡ, ಆಯುಧ, ಬಟ್ಟೆಬರೆ ಸೇರಿಸಿ ಎನ್ವಿರಾನ್‌ಮೆಂಟ್ ಅಥವಾ ಪ್ರಾಪ್ಸ್ ಕಡೆ ಜಾಗ ಇದೆಯಾ ಎಂದು ವಿಚಾರಿಸು.

ಉಳಿದದ್ದು ಚುಟುಕಾಗಿ. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕೂಕಾಲರ ಹೊತ್ತಿಗೆ ಮಗ್ರಿಬ್ (ಸೂರ್ಯಾಸ್ತದ ನಮಾಜ್). ಲುಹರ್ (ಮಧ್ಯಾಹ್ನದ್ದು), ಅಸರ್ (ಇಳಿಹೊತ್ತಿನದು), ಮಗ್ರಿಬ್ ಮೂರೂ ಆಫೀಸ್ ಹೊತ್ತಿನಲ್ಲೇ ಬರುತ್ತವೆ. ಒಂದು ಮೀಟಿಂಗ್ ರೂಮ್ ಸಾಕು, ಕೇಳಿದರೆ ಕೊಡುತ್ತಾರೆ. ಶುಕ್ರವಾರದ ಜುಮಾಕ್ಕೆ ಊಟದ ಬಿಡುವು ಸ್ವಲ್ಪ ಹಿಗ್ಗಿಸಿ, ಸಂಜೆ ಆ ಹೊತ್ತು ತುಂಬಿಸಿಕೊಡು. ಹೆಂಡತಿಯ ವಿಷಯ ಮಾತ್ರ ಗಟ್ಟಿಯಾಗಿ ಯೋಚಿಸು: ಈ ಊರಿರುವ ಕ್ವಿಬೆಕ್ ಪ್ರಾಂತ್ಯದ 2019ರ ಕಾನೂನಿನ ಪ್ರಕಾರ ಸರ್ಕಾರಿ ಶಾಲೆಗೆ ಹೊಸದಾಗಿ ಸೇರುವ ಟೀಚರ್ ಹಿಜಾಬ್ ಹಾಕುವ ಹಾಗಿಲ್ಲ. ಖಾಸಗಿ ಕಂಪನಿಯಾದ ನಿನ್ನ ಸ್ಟುಡಿಯೊಗೆ ಅದು ಅನ್ವಯಿಸುವುದಿಲ್ಲ, ನಿನ್ನ ಹೆಂಡತಿಗೆ ಅನ್ವಯಿಸುತ್ತದೆ. ಇದನ್ನು ಅವರಿಗೆ ಈಗಲೇ ಹೇಳು. ಇಬ್ಬರೂ ಇವತ್ತಿನಿಂದಲೇ ಇಲ್ಲಿನ ಭಾಷೆಯಾದ ಫ್ರೆಂಚ್ ಕಲಿಯಲು ಶುರು ಮಾಡಿ.

ಅಬ್ಬಾ ಹತ್ತಿರ ಸುಮ್ನೆ ಜಗಳ ಬೇಡ. ನಿಮ್ಮೂರಿನ ಮಸೀದಿಯ ಮೌಲಾನಾ ಬಳಿ ಇಬ್ಬರೂ ಸೇರಿ ಹೋಗಿ. ನೀನು ಏನು ಮಾಡುತ್ತೀಯ ಎಂದು ಲ್ಯಾಪ್‌ಟಾಪ್ ತೆರೆದು ತೋರಿಸು. ನೋಡದೆ ಕೊಟ್ಟ ಉತ್ತರಕ್ಕೂ ನೋಡಿ ಕೊಟ್ಟ ಉತ್ತರಕ್ಕೂ ವ್ಯತ್ಯಾಸ ಇರುತ್ತದೆ. ಬೇಕಾದ ಫತ್ವಾ ಸಿಗುವ ತನಕ ಮನೆ ಮನೆ ತಿರುಗಬೇಡ. ಅವರು ಏನಂದರು ಎಂದು ನನಗೆ ಬರೆ. ಮರ, ಕಟ್ಟಡದ ಕಡೆಗೆ ಬರುವುದಾದರೆ ನಿನ್ನ ಪೋರ್ಟ್‌ಫೋಲಿಯೊ ನಾನೇ ಕೂತು ನೋಡಿ, ಎಲ್ಲಿ ಏನು ತಿದ್ದಬೇಕು ಎಂದು ಹೇಳುತ್ತೇನೆ.