ಅಂಗಡಿ ಹುಡುಗಿಯ ರಜೆಗೂ ಸರ್ಕಾರದ ಸಾಲಕ್ಕೂ ಏನು ಸಂಬಂಧ?

ಓದುಗರ ಪತ್ರ:

"ಅಮೆರಿಕದ ಅಧೀನದಲ್ಲಿರುವ ಪೋರ್ಟೊ ರಿಕೊ ದ್ವೀಪದ ಬಗ್ಗೆ ಕಳೆದ ಸಂಚಿಕೆಯಲ್ಲಿ ನೀವು ಬರೆದದ್ದು ಓದಿದೆ. ಚುನಾಯಿತ ಸರ್ಕಾರ ಮಾಡಿದ ಕಾರ್ಮಿಕ ಕಾನೂನನ್ನು ಒಂದು ಹಣಕಾಸು ಮಂಡಳಿ ಕೋರ್ಟಿಗೆ ಹೋಗಿ ಹೊಡೆದು ಹಾಕಿಸಿತು ಅಂತ ಬೇಸರ ಮಾಡಿಕೊಂಡಿದ್ದೀರಿ. ನಾನು ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿದ್ದವನು, ಅದರಲ್ಲಿ ಜಾಸ್ತಿ ಸಮಯ ಸಾಲ ವಸೂಲಿಯಲ್ಲೇ ಕಳೆದೆ. ಕಂತು ಬಾಕಿ ಇಟ್ಟುಕೊಂಡು ಹಬ್ಬಕ್ಕೆ ಹೊಸ ಟಿವಿ ತಂದವರನ್ನು ಬೇಕಾದಷ್ಟು ನೋಡಿದ್ದೇನೆ. ಸಾಲ ತೀರಿಸದ ಸರ್ಕಾರಕ್ಕೆ ರಜೆ, ಬೋನಸ್ ಹಂಚುವ ಹಕ್ಕು ಎಲ್ಲಿಂದ ಬಂತು? ಕೋರ್ಟೇ ಮಂಡಳಿಯ ಪರ ತೀರ್ಪು ಕೊಟ್ಟ ಮೇಲೆ ನಿಮ್ಮ ತಕರಾರು ಏನು?"
– ಓದುಗರೊಬ್ಬರು, ತೀರ್ಥಹಳ್ಳಿ

ಸಂಪಾದಕರ ಉತ್ತರ:

ಟಿವಿ ವಿಚಾರ ಓದಿ ನಗು ಬಂತು ಸರ್. ನಮ್ಮ ಮನೆಯಲ್ಲೂ ಒಂದು ಕಾಲಕ್ಕೆ ಅಂಥದ್ದೇ ಟಿವಿ ಇತ್ತು.

ಒಂದು ತಪ್ಪು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಅದು ನಮ್ಮದೇ. ಮಂಡಳಿ ಹೊಡೆದು ಹಾಕಿಸಿದ 2022ರ ಆ 41ನೇ ಕಾಯ್ದೆಯಲ್ಲಿ ಸರ್ಕಾರ ತನ್ನ ಜೇಬಿನಿಂದ ಹಂಚುವ ರಜೆಯಾಗಲಿ ಬೋನಸ್ಸಾಗಲಿ ಇರಲಿಲ್ಲ ಎಂಬುದನ್ನು ನಮ್ಮ ಲೇಖನ ಬಿಡಿಸಿ ಹೇಳಿರಲಿಲ್ಲ. ಅದು ಖಾಸಗಿ ಕಂಪನಿ, ಅಂಗಡಿ, ಹೋಟೆಲುಗಳ ಕೆಲಸಗಾರರ ಕಾನೂನು. ರಜೆಯ ಸಂಬಳ ಕೊಡಬೇಕಾದವನು ಮಾಲೀಕ, ಖಜಾನೆ ಅಲ್ಲ. ಹಾಗಿದ್ದರೂ ಹಣಕಾಸು ಮಂಡಳಿ ಅದಕ್ಕೆ ಕೈ ಹಾಕಿತಲ್ಲ, ನನಗೆ ಸಿಕ್ಕಿಕೊಂಡದ್ದು ಅಲ್ಲೇ.

ಅಲ್ಲಿನ ರಾಜಧಾನಿ ಸ್ಯಾನ್ ವಾನ್‌ನ ಒಂದು ಬಟ್ಟೆ ಅಂಗಡಿಯನ್ನು ಸುಮ್ನೆ ಕಲ್ಪಿಸಿಕೊಳ್ಳಿ. ಒಂದೇ ಕೌಂಟರಿನ ಹಿಂದೆ ಇಬ್ಬರು ಹೆಂಗಸರು. ಒಬ್ಬಾಕೆ 2016ರಲ್ಲಿ ಸೇರಿದವಳು, ಇನ್ನೊಬ್ಬಾಕೆ 2018ರಲ್ಲಿ. ನಡುವೆ 2017ರ ಜನವರಿ 26ರಂದು ಆಗಿನ ಗವರ್ನರ್ ರಿಕಾರ್ಡೊ ರೊಸೆಯೊ ಕಾರ್ಮಿಕ ಕಾನೂನನ್ನು ಸಡಿಲ ಮಾಡುವ 4ನೇ ಕಾಯ್ದೆಗೆ ಸಹಿ ಹಾಕಿದ್ದರು. ಆಮೇಲೆ ಸೇರಿದವರಿಗೆಲ್ಲ ಹೊಸ ಲೆಕ್ಕ. ಮೊದಲನೆಯವಳು ತಿಂಗಳಿಗೆ 115 ಗಂಟೆ ದುಡಿದರೆ ಒಂದೂಕಾಲು ದಿನ ರಜೆ, ಅಂದರೆ ವರ್ಷಕ್ಕೆ 15 ದಿನ. ಎರಡನೆಯವಳು 130 ಗಂಟೆ ದುಡಿಯಬೇಕು, ಸಿಗುವುದು ಮೊದಲ ವರ್ಷ ತಿಂಗಳಿಗೆ ಅರ್ಧ ದಿನ. ವರ್ಷಕ್ಕೆ ಆರೇ ದಿನ! ಆಮೇಲೆ ಒಂಬತ್ತು, ಐದು ವರ್ಷ ದಾಟಿದರೆ ಹನ್ನೆರಡು. ಪಕ್ಕದವಳ 15 ದಿನ ಮುಟ್ಟಬೇಕಾದರೆ ಅದೇ ಅಂಗಡಿಯಲ್ಲಿ 15 ವರ್ಷ ಸವೆಸಬೇಕು. ಪ್ರೊಬೇಷನ್ ಮೂರು ತಿಂಗಳಿಂದ ಒಂಬತ್ತಕ್ಕೆ ಏರಿತು. ಅಲ್ಲಿ ಕ್ರಿಸ್‌ಮಸ್ ಬೋನಸ್ ಕಾನೂನಿನಲ್ಲೇ ಇದೆ. ಅದಕ್ಕೆ ವರ್ಷಕ್ಕೆ 700 ಗಂಟೆ ಕೆಲಸ ಸಾಕಿತ್ತು, ಹೊಸಬರಿಗೆ ಅದು 1,350 ಗಂಟೆ ಆಯಿತು.

2022ರ ಕಾಯ್ದೆ ಈ ಎರಡನೆಯವಳನ್ನು ಮತ್ತೆ ಮೊದಲನೆಯವಳ ಸಾಲಿಗೆ ತಂದಿತು. ಪ್ರೊಬೇಷನ್ ಮೂರೇ ತಿಂಗಳು, ರಜೆ ಹಳೆಯ ಲೆಕ್ಕದಂತೆ. ವಾರಕ್ಕೆ 20 ಗಂಟೆ ಮಾತ್ರ ದುಡಿಯುವ ಅರೆಕಾಲಿಕರಿಗೂ ತಿಂಗಳಿಗೆ ಅರ್ಧ ದಿನ ರಜೆ ಸೇರಿಸಿತು. ಮಸೂದೆ ಪಾಸು ಮಾಡಿದ ಶಾಸನಸಭೆಯಲ್ಲಿ ಒಂದು ಪಕ್ಷದ ಮೇಲುಗೈ, ಜೂನ್ 20ರಂದು ಸಹಿ ಹಾಕಿದ ಗವರ್ನರ್ ಪೆಡ್ರೊ ಪಿಯರ್ಲುಯಿಸಿ ಎದುರು ಪಕ್ಷದವರು. 2017ರ ಸಡಿಲಿಕೆ ತಂದದ್ದೂ ಪಿಯರ್ಲುಯಿಸಿ ಅವರ ಪಕ್ಷವೇ. ಹಾವು ಮುಂಗುಸಿಯಂತೆ ಇರುವವರು ಒಂದು ವಿಷಯಕ್ಕೆ ಒಪ್ಪಿದ್ದರು ಅಂದರೆ ಜನರ ಒತ್ತಾಯ ಎಷ್ಟಿತ್ತು ನೋಡಿ.

ಈಗ ಸಾಲದ ವಿಚಾರ. ಇಲ್ಲಿ ನಿಮ್ಮ ಮಾತಿಗೆ ತೂಕ ಇದೆ. ಪೋರ್ಟೊ ರಿಕೊ ಮಾಡಿಕೊಂಡಿದ್ದ ಬಾಂಡ್ ಸಾಲ 7,000 ಕೋಟಿ ಡಾಲರಿಗೂ ಜಾಸ್ತಿ ಇತ್ತು. ಪಿಂಚಣಿ ಬಾಕಿ ಅದರ ಮೇಲೆ ಇನ್ನೊಂದು 5,000 ಕೋಟಿಯಷ್ಟು. ವರ್ಷ ವರ್ಷ ಹಳೆ ಸಾಲ ತೀರಿಸಲು ಹೊಸ ಸಾಲ ಎತ್ತಿದರು. ಆ ಬಾಂಡುಗಳ ಬಡ್ಡಿಗೆ ಅಮೆರಿಕದಲ್ಲಿ ಎಲ್ಲೂ ತೆರಿಗೆ ಇಲ್ಲದ್ದರಿಂದ ಕೊಡುವವರೂ ಮುಗಿಬಿದ್ದು ಕೊಟ್ಟರು. ಯೋಗ್ಯತೆ ನೋಡದೆ ಸಾಲ ಕೊಟ್ಟವನಿಗೆ ನೀವು ಬ್ಯಾಂಕಿನವರು ಏನು ಹೇಳುತ್ತೀರೋ ನನಗೆ ಗೊತ್ತು! 2015ರಲ್ಲಿ ಗವರ್ನರ್ ಆಗಿದ್ದ ಅಲೆಹಾಂಡ್ರೊ ಗಾರ್ಸಿಯಾ ಪಡಿಯಾ ಈ ಸಾಲ ತೀರಿಸಲು ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದರು.

ಅಮೆರಿಕದ ನಗರಸಭೆಗಳು ದಿವಾಳಿ ಅರ್ಜಿ ಹಾಕಬಹುದು. ಪೋರ್ಟೊ ರಿಕೊದ ಸಂಸ್ಥೆಗಳಿಗೆ ಆ ಬಾಗಿಲನ್ನು ಅಮೆರಿಕದ ಸಂಸತ್ತು 1984ರಲ್ಲೇ ಮುಚ್ಚಿತ್ತು. ನಾವೇ ಒಂದು ದಿವಾಳಿ ಕಾನೂನು ಮಾಡಿಕೊಳ್ಳುತ್ತೇವೆ ಅಂತ ಹೊರಟರೆ, 2016ರ ಜೂನ್ 13ರಂದು ಸುಪ್ರೀಂ ಕೋರ್ಟ್ ಅದೂ ಆಗದು ಎಂದಿತು. ಅದೇ ತಿಂಗಳ 30ಕ್ಕೆ ಒಬಾಮ ಆ ದ್ವೀಪಕ್ಕೆ ದಿವಾಳಿಯಂಥ ದಾರಿ ತೆರೆದ 'ಪ್ರೊಮೆಸಾ' ಎಂಬ ಕಾನೂನಿಗೆ ಸಹಿ ಹಾಕಿದರು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಪೋಣಿಸಿ ಮಾಡಿದ ಪದ ಅದು, ಸ್ಪ್ಯಾನಿಷ್‌ನಲ್ಲಿ ಅದರ ಅರ್ಥ 'ಭರವಸೆ'.

ಈ ಕಾನೂನಿನಿಂದ ಹುಟ್ಟಿದ್ದೇ ಏಳು ಜನರ ಹಣಕಾಸು ಮೇಲುಸ್ತುವಾರಿ ಮಂಡಳಿ. ಅಲ್ಲಿನ ಜನ 'ಲಾ ಹುಂತಾ' ಅಂತ ಕರೆಯುತ್ತಾರೆ. ಏಳೂ ಜನರನ್ನು ನೇಮಿಸುವವರು ಅಮೆರಿಕದ ಅಧ್ಯಕ್ಷರು. ಪೋರ್ಟೊ ರಿಕೊದಲ್ಲಿ ಮನೆಯೋ ವ್ಯವಹಾರವೋ ಇರಬೇಕು ಎಂಬ ನಿಯಮ ಅವರಲ್ಲಿ ಒಬ್ಬರಿಗೆ ಮಾತ್ರ. ಗವರ್ನರ್ ಸಭೆಯಲ್ಲಿ ಕೂರಬಹುದು, ಮತ ಹಾಕುವಂತಿಲ್ಲ. ಆ ದ್ವೀಪದ ಸುಮಾರು 32 ಲಕ್ಷ ಜನ 1917ರಿಂದ ಅಮೆರಿಕದ ಪ್ರಜೆಗಳು. ಅಲ್ಲೇ ಇರುವ ತನಕ ಅಧ್ಯಕ್ಷರ ಚುನಾವಣೆಯಲ್ಲಿ ಅವರಿಗೆ ಮತ ಇಲ್ಲ. ಸಂಸತ್ತಿಗೆ ಅವರು ಕಳಿಸುವ ಒಬ್ಬ ಪ್ರತಿನಿಧಿಗೂ ಮಸೂದೆ ಪಾಸಾಗುವಾಗ ಮತ ಇಲ್ಲ. ಅಂದರೆ ಮಂಡಳಿಯನ್ನು ಸೃಷ್ಟಿಸಿದವರನ್ನಾಗಲಿ ನೇಮಿಸಿದವರನ್ನಾಗಲಿ ಕೌಂಟರಿನ ಆ ಇಬ್ಬರು ಹೆಂಗಸರು ಮತ ಹಾಕಿ ಇಳಿಸಲಾರರು.

41ನೇ ಕಾಯ್ದೆಯ ವಿರುದ್ಧ ಮಂಡಳಿ 2022ರ ಸೆಪ್ಟೆಂಬರ್‌ನಲ್ಲಿ ಕೋರ್ಟಿಗೆ ಹೋಯಿತು. ಅದರ ಕೈಯಲ್ಲಿ ಎರಡು ಅಸ್ತ್ರ ಇದ್ದವು. ಪ್ರೊಮೆಸಾದ 204ನೇ ಸೆಕ್ಷನ್ ಪ್ರಕಾರ ಹೊಸ ಕಾನೂನು ಮಾಡಿದ ಏಳು ಕೆಲಸದ ದಿನದೊಳಗೆ ಅದನ್ನು ಮಂಡಳಿಗೆ ಕಳಿಸಬೇಕು. ಅದರಿಂದ ಸರ್ಕಾರದ ಖರ್ಚು ಮತ್ತು ಆದಾಯದ ಮೇಲೆ ಏನಾಗುತ್ತದೆ ಎಂಬ ಅಂದಾಜು, ಮಂಡಳಿ ಒಪ್ಪಿದ ಹಣಕಾಸು ಯೋಜನೆಗೆ ಇದು ಹೊಂದುತ್ತದೆಯೋ ಇಲ್ಲವೋ ಎಂಬ ಪ್ರಮಾಣಪತ್ರ ಎರಡೂ ಜೊತೆಗಿರಬೇಕು. ಇನ್ನೊಂದು 108ನೇ ಸೆಕ್ಷನ್. ಪ್ರೊಮೆಸಾದ ಉದ್ದೇಶಕ್ಕೆ ಅಡ್ಡಿಯಾಗುವ ಯಾವ ಕಾನೂನನ್ನೂ ಗವರ್ನರ್ ಆಗಲಿ ಶಾಸನಸಭೆಯಾಗಲಿ ಮಾಡುವಂತಿಲ್ಲ. ಅಡ್ಡಿ ಹೌದೋ ಅಲ್ಲವೋ ಅಂತ ತೀರ್ಮಾನಿಸುವವರು ಯಾರು? ಅದೇ ಮಂಡಳಿ!

ಮಂಡಳಿಯ ವಾದ ತೀರಾ ಹುರುಳಿಲ್ಲದ್ದೇನಲ್ಲ, ಅದನ್ನೂ ಹೇಳಬೇಕು. ದುಡಿಯುವ ವಯಸ್ಸಿನವರಲ್ಲಿ ಕೆಲಸದಲ್ಲಿರುವವರ ಪಾಲು ಆ ದ್ವೀಪದಲ್ಲಿ ಬಹಳ ಕಡಿಮೆ. ಕೆಲಸಕ್ಕೆ ಇಟ್ಟುಕೊಳ್ಳುವುದು ದುಬಾರಿಯಾದರೆ ಮಾಲೀಕರು ಹಿಂಜರಿಯುತ್ತಾರೆ, ಕೆಲಸ ಕಡಿಮೆಯಾದರೆ ತೆರಿಗೆ ಕಡಿಮೆ, ತೆರಿಗೆ ಕಡಿಮೆಯಾದರೆ ಕಂತು ನಿಲ್ಲುತ್ತದೆ ಅನ್ನುವುದು ಅವರ ಸರಪಳಿ. ಸರಿ, ಆದರೆ ನೀವೇ ಹೇಳಿ. ಸಾಲಗಾರನ ಬಾಡಿಗೆ ಮಳಿಗೆಯಲ್ಲಿ ಇನ್ಯಾರೋ ಅಂಗಡಿ ಇಟ್ಟಿದ್ದಾನೆ. ಅವನು ತನ್ನ ಹುಡುಗರಿಗೆ ರಜೆ ಜಾಸ್ತಿ ಕೊಟ್ಟರೆ ವ್ಯಾಪಾರ ಬಿದ್ದು, ಬಾಡಿಗೆ ತಪ್ಪಿ, ನಿಮ್ಮ ಕಂತು ತಪ್ಪಬಹುದು. ಅಷ್ಟಕ್ಕೆ ನೀವು ಆ ಅಂಗಡಿಗೆ ಹೋಗಿ ಹಾಜರಿ ಪುಸ್ತಕ ಕೇಳುತ್ತಿದ್ದಿರಾ?

ಕೋರ್ಟಿನ ವಿಚಾರ. ಈ ದಿವಾಳಿ ಪ್ರಕರಣಕ್ಕೆಂದೇ ನೇಮಕವಾದವರು ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶೆ ಲಾರಾ ಟೇಲರ್ ಸ್ವೇನ್. 2023ರ ಮಾರ್ಚ್ 3ರಂದು ಅವರು 41ನೇ ಕಾಯ್ದೆಯನ್ನು ರದ್ದು ಮಾಡಿದರು. ಬಾಸ್ಟನ್ನಿನ ಮೇಲ್ಮನವಿ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಕೋರ್ಟು ಏನು ಕೇಳಿಕೊಂಡಿತು ಎಂಬುದನ್ನು ಗಮನಿಸಿ. 15 ದಿನ ರಜೆ ನ್ಯಾಯವೇ, ಅದರಿಂದ ನಿಜಕ್ಕೂ ಕೆಲಸ ಕಡಿಮೆಯಾಗುತ್ತದೆಯೇ ಅಂತ ಅದು ತೂಗಲಿಲ್ಲ. ಮಂಡಳಿ ಮನಸ್ಸಿಗೆ ತೋಚಿದಂತೆ ತೀರ್ಮಾನಿಸಿತೇ, ಇಲ್ಲಾ ಏನಾದರೂ ಆಧಾರ ಇತ್ತೇ, ಅಷ್ಟೇ. ಮಂಡಳಿಯ ಹಣಕಾಸು ಯೋಜನೆಯನ್ನೇ ಪ್ರಶ್ನಿಸೋಣ ಅಂದರೆ ಪ್ರೊಮೆಸಾ ಆ ದಾರಿಯನ್ನೂ ಮುಚ್ಚಿದೆ. ಮಂಡಳಿ ಪ್ರಮಾಣೀಕರಿಸಿದ ಯೋಜನೆಯನ್ನು ಕೋರ್ಟಿನಲ್ಲಿ ಕೆದಕುವಂತಿಲ್ಲ. ಹಾಗಾಗಿ ಕೋರ್ಟು ಮಂಡಳಿಯ ಪರ ಅಂದಿತು ಅನ್ನುವುದರ ಅರ್ಥ ಕಾನೂನಿನಲ್ಲಿ ಹಾಗೆ ಬರೆದಿತ್ತು ಅಂತಷ್ಟೇ. ನ್ಯಾಯಾಧೀಶೆಯ ಮೇಲೆ ನನಗೆ ದೂರಿಲ್ಲ. ಅವರ ಮುಂದೆ ಇದ್ದ ಪುಸ್ತಕದ ಮೇಲೆ ಇದೆ.

ಗವರ್ನರ್ ಕಡೆಯ ಕೆಲಸವೂ ನೆಟ್ಟಗಿರಲಿಲ್ಲ ಬಿಡಿ. ಅವರು ಕಳಿಸಿದ ಅಂದಾಜಿನ ಸಾರಾಂಶ, ಸರ್ಕಾರದ ಮೇಲೆ ಪರಿಣಾಮ ಏನೂ ಇಲ್ಲ ಅನ್ನುವುದು. ಅದಕ್ಕೆ ತಕ್ಕ ಲೆಕ್ಕಾಚಾರ ಇರಲಿಲ್ಲ. ಇಡೀ ದ್ವೀಪದ ಖಾಸಗಿ ಕೆಲಸವನ್ನು ಮುಟ್ಟುವ ಕಾನೂನಿಗೆ ಅಷ್ಟು ಬಡಕಲು ಕಾಗದ ಲಗತ್ತಿಸಿದರೆ ನಿಮ್ಮ ಬ್ರಾಂಚಿನಲ್ಲೂ ಷರಾ ಬರೆದು ವಾಪಸ್ ಕಳಿಸುತ್ತಿದ್ದಿರಿ. ಪಿಯರ್ಲುಯಿಸಿ ಹಿಂದೆ ಇದೇ ಮಂಡಳಿಗೆ ಕಾನೂನು ಸಲಹೆ ಕೊಡುತ್ತಿದ್ದ ಸಂಸ್ಥೆಯಲ್ಲಿದ್ದವರು. ಮಂಡಳಿ ಏನು ಕೇಳುತ್ತದೆ ಅಂತ ಅವರಿಗೆ ಚೆನ್ನಾಗಿಯೇ ಗೊತ್ತಿರಬೇಕಿತ್ತು.

ನನಗೆ ಕಡೆಗೂ ಒಪ್ಪಿಗೆಯಾಗದ್ದು ಒಂದು. 2017ರಲ್ಲಿ ರಜೆ ಕಡಿಮೆ ಮಾಡಿದವರೂ ಚುನಾಯಿತರೇ. ಆಗ ಅವರ ಸಹಿ ಸಾಕಾಯಿತು. ಮಂಡಳಿ ಅಷ್ಟಕ್ಕೇ ನಿಲ್ಲದೆ, ಸಕಾರಣವಿಲ್ಲದೆ ತೆಗೆದವರಿಗೆ ಪರಿಹಾರ ಕೊಡಿಸುವ 80ನೇ ಕಾಯ್ದೆಯನ್ನೂ ಕೈಬಿಡಿ ಎಂದು 2018ರಲ್ಲಿ ಪಟ್ಟು ಹಿಡಿಯಿತು, ಅಲ್ಲಿನ ಸೆನೆಟ್ ಒಪ್ಪಲಿಲ್ಲ. ಅಂತೂ ರಜೆ ಇಳಿಸುವಾಗ ಜನಪ್ರತಿನಿಧಿಗಳ ಸಹಿ ಸಾಕು, ಅದೇ ರಜೆ ವಾಪಸ್ ಕೊಡಲು ಹೋದಾಗ ಅದೇ ಸಹಿ ಸಾಲದು. ಇದು ಬರೀ ಲೆಕ್ಕ ನೋಡುವ ಕೆಲಸ ಹೇಗಾಗುತ್ತದೆ?

ನಮ್ಮಲ್ಲಿ ಇಂಥದ್ದು ಆಗುತ್ತದಾ ಅಂತ ಇನ್ನೊಬ್ಬ ಓದುಗರು ಕೇಳಿದ್ದಾರೆ. ಅವರಿಗೂ ಇಲ್ಲೇ ಒಂದು ಮಾತು. ಸಂವಿಧಾನದ 360ನೇ ವಿಧಿಯಲ್ಲಿ ಹಣಕಾಸು ತುರ್ತುಸ್ಥಿತಿ ಇದೆ, ಇದುವರೆಗೆ ಒಮ್ಮೆಯೂ ಬಳಸಿಲ್ಲ. ಕರ್ನಾಟಕದಲ್ಲಿ 2023ರಲ್ಲಿ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆ ದುಡಿಸಲು ಅವಕಾಶ ಕೊಟ್ಟದ್ದು ಹೊರಗಿನ ಯಾವ ಮಂಡಳಿಯೂ ಅಲ್ಲ, ನಮ್ಮದೇ ವಿಧಾನಸಭೆ. ಬೈಯುವುದಾದರೆ ಯಾರನ್ನು ಬೈಯಬೇಕು ಅಂತ ನಮಗೆ ಗೊತ್ತಿದೆ.

ಮತ್ತೆ ಆ ಕೌಂಟರಿಗೆ ಬರೋಣ. ಕಾಯ್ದೆ 2022ರ ಜುಲೈ 20ರಿಂದ ಜಾರಿಯಲ್ಲಿತ್ತು. ಮಾರ್ಚ್‌ನ ತೀರ್ಪು ಅದನ್ನು ಆ ದಿನದಿಂದಾಚೆಗೆ ನಿಲ್ಲಿಸಲಿಲ್ಲ, ಹುಟ್ಟೇ ಇರಲಿಲ್ಲ ಎಂಬಂತೆ ಅಳಿಸಿತು. ಏಳೂವರೆ ತಿಂಗಳು ತಿಂಗಳಿಗೆ ಒಂದೂಕಾಲು ದಿನ ಅಂತ ಎಣಿಸಿಕೊಂಡಿದ್ದ ಎರಡನೆಯವಳು ಮತ್ತೆ 2017ರ ಕೋಷ್ಟಕಕ್ಕೆ ಬಿದ್ದಳು.

ಮಂಡಳಿ ಯಾವಾಗ ಹೋಗುತ್ತದೆ? ಸತತ ನಾಲ್ಕು ವರ್ಷ ಬಜೆಟ್ ಸರಿದೂಗಿ, ಸರಿಯಾದ ಬಡ್ಡಿಗೆ ಮಾರುಕಟ್ಟೆಯಲ್ಲಿ ಸಾಲ ಸಿಗುವ ಹಾಗೆ ಆದಾಗ ಅಂತ ಕಾನೂನಿನಲ್ಲಿದೆ. ಅಲ್ಲಿಯ ತನಕ ಮಂಡಳಿಯ ಖರ್ಚು ಯಾರದು ಗೊತ್ತಾ? ಪೋರ್ಟೊ ರಿಕೊದ ಜನರದೇ. ಮಂಡಳಿಯ ಮೊದಲ ಕಾಯಂ ಕಾರ್ಯನಿರ್ವಾಹಕ ನಿರ್ದೇಶಕಿಯ ವಾರ್ಷಿಕ ಸಂಬಳ 6,25,000 ಡಾಲರ್ ಇತ್ತು. ನೀವು ವಸೂಲಿಗೆ ಹೋಗುತ್ತಿದ್ದ ಕಾಲದಲ್ಲಿ ನಿಮ್ಮ ಸಂಬಳವನ್ನು ಸಾಲಗಾರನ ಕೈಯಿಂದಲೇ ಎಣಿಸಿಕೊಂಡು ಬರುತ್ತಿದ್ದಿರಾ ಸರ್? ಮುಂದಿನ ಪತ್ರದಲ್ಲಿ ಬರೆಯಿರಿ.

– ಸಂಪಾದಕ