ಕಣಜ ತುಂಬಿದೆ, ರಕ್ತಕ್ಕೆ ಕಬ್ಬಿಣವಿಲ್ಲ

ಪ್ರಶ್ನೆ: 62 ವರ್ಷದ ನಮ್ಮ ಅತ್ತೆಯವರಿಗೆ ಬಹುಕಾಲದಿಂದ ರುಮಟಾಯ್ಡ್ ಸಂಧಿವಾತವಿದೆ. ಈಚಿನ ತಪಾಸಣೆಯಲ್ಲಿ ಹಿಮೋಗ್ಲೋಬಿನ್ 9.4, ಫೆರಿಟಿನ್ 260 ಎಂದು ಬಂದಿದೆ. ಫೆರಿಟಿನ್ ಎಂದರೆ ಕಬ್ಬಿಣಾಂಶದ ದಾಸ್ತಾನು ಎನ್ನುತ್ತಾರೆ. ದಾಸ್ತಾನು ಇಷ್ಟಿದ್ದೂ ರಕ್ತಹೀನತೆ ಏಕೆ? ವೈದ್ಯರು ಕಬ್ಬಿಣದ ಮಾತ್ರೆ ಸದ್ಯಕ್ಕೆ ಬೇಡವೆಂದಿರುವುದು ಸರಿಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಫೆರಿಟಿನ್ ಎಂಬುದು ಕಬ್ಬಿಣವಲ್ಲ, ಕಬ್ಬಿಣವನ್ನು ತುಂಬಿಡುವ ಪ್ರೋಟೀನಿನ ಕಣಜ. 24 ಉಪಘಟಕಗಳು ಸೇರಿ ಆಗುವ ಈ ಟೊಳ್ಳು ಗೋಳದೊಳಗೆ ಸುಮಾರು 4,500 ಕಬ್ಬಿಣದ ಪರಮಾಣುಗಳು ಹಿಡಿಸುತ್ತವೆ. ಸಾಮಾನ್ಯ ದಿನಗಳಲ್ಲಿ ಇದರ ತಯಾರಿಕೆಯ ಹಿಡಿತ ಜೀನ್‌ಗಿಂತ ಹೆಚ್ಚಾಗಿ ಅದರಿಂದ ಹೊರಟ ಸಂದೇಶವಾಹಕ ಆರ್‌ಎನ್‌ಎಯ ಮೇಲಿರುತ್ತದೆ: ಜೀವಕೋಶದಲ್ಲಿ ಕಬ್ಬಿಣ ಕಡಿಮೆಯಾದಾಗ ನಿಯಂತ್ರಕ ಪ್ರೋಟೀನೊಂದು ಆ ಆರ್‌ಎನ್‌ಎಯ ಆರಂಭದಲ್ಲೇ ಅಂಟಿಕೊಂಡು ತಯಾರಿಕೆಯನ್ನು ತಡೆಯುತ್ತದೆ, ಕಬ್ಬಿಣ ಹೆಚ್ಚಿದಾಗ ಕಳಚಿಕೊಳ್ಳುತ್ತದೆ.

ಉರಿಯೂತದಲ್ಲಿ ಈ ಲೆಕ್ಕಾಚಾರದ ಮೇಲೆ ಇನ್ನೊಂದು ಆಜ್ಞೆ ಬೀಳುತ್ತದೆ. ಸಂಧಿವಾತದಲ್ಲಿ ಕೀಲುಗಳ ರೋಗನಿರೋಧಕ ಕೋಶಗಳು ಸ್ರವಿಸುವ ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-1 ಮುಂತಾದ ಸಂಕೇತಗಳು ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಕೋಶಕೇಂದ್ರಕ್ಕೆ ಕಳುಹಿಸಿ, ಫೆರಿಟಿನ್‌ನ ಎಚ್ ಉಪಘಟಕದ ಜೀನನ್ನು ನೇರವಾಗಿ ಚುರುಕುಗೊಳಿಸುತ್ತವೆ. ಆದ್ದರಿಂದ ದೇಹದ ಒಟ್ಟು ಕಬ್ಬಿಣ ಹೆಚ್ಚದಿದ್ದರೂ ರಕ್ತಪರೀಕ್ಷೆಯಲ್ಲಿ ಫೆರಿಟಿನ್ ಏರಬಹುದು.

ಆದರೆ ರಕ್ತಹೀನತೆಯ ಮೂಲ ಯಕೃತ್ತಿನಲ್ಲಿದೆ. ಉರಿಯೂತದ ಇನ್ನೊಂದು ಸಂಕೇತವಾದ ಇಂಟರ್‌ಲ್ಯೂಕಿನ್-6 ಅಲ್ಲಿ ಸ್ಟ್ಯಾಟ್-3 ಎಂಬ ಪ್ರೋಟೀನಿನ ಮೂಲಕ ಹೆಪ್ಸಿಡಿನ್ ಜೀನನ್ನು ಚಾಲೂ ಮಾಡುತ್ತದೆ. ಕೇವಲ 25 ಅಮೈನೋ ಆಮ್ಲಗಳ ಈ ಪುಟ್ಟ ಹಾರ್ಮೋನು, ಜೀವಕೋಶದಿಂದ ಕಬ್ಬಿಣ ಹೊರಬರುವ ಏಕೈಕ ಬಾಗಿಲಾದ ಫೆರೋಪೋರ್ಟಿನ್‌ಗೆ ಅಂಟಿ ಅದನ್ನೇ ನಾಶಪಡಿಸುತ್ತದೆ. ಕೆಂಪು ರಕ್ತಕಣ ತಯಾರಿಸುವ ಮೂಳೆಮಜ್ಜೆಗೆ ದಿನಕ್ಕೆ ಬೇಕಾದ 20ರಿಂದ 25 ಮಿಲಿಗ್ರಾಂ ಕಬ್ಬಿಣದಲ್ಲಿ ಆಹಾರದಿಂದ ಬರುವುದು ಒಂದೆರಡು ಮಿಲಿಗ್ರಾಂ ಮಾತ್ರ. ಉಳಿದದ್ದು ಹಳೆಯ ಕೆಂಪು ರಕ್ತಕಣಗಳನ್ನು ಅರಗಿಸುವ ಮ್ಯಾಕ್ರೋಫೇಜ್ ಕೋಶಗಳಿಂದ ಬರಬೇಕು. ಬಾಗಿಲು ಮುಚ್ಚಿದರೆ ಅದು ಅಲ್ಲೇ ಉಳಿಯುತ್ತದೆ. ರೋಗಾಣುಗಳಿಗೆ ಕಬ್ಬಿಣ ಸಿಗದಂತೆ ಬಚ್ಚಿಡುವ ಹಳೆಯ ರಕ್ಷಣಾತಂತ್ರವಿದು. ಕೆಲವು ದಿನಗಳ ಜ್ವರಕ್ಕೆ ಸೊಗಸಾದ ಉಪಾಯ, ವರ್ಷಗಟ್ಟಲೆ ಆರದ ಕೀಲುರಿಯೂತಕ್ಕಲ್ಲ.

ಕರುಳಿನ ಬಾಗಿಲೂ ಇದೇ ಆಗಿರುವುದರಿಂದ ಮಾತ್ರೆ ನುಂಗಿದರೂ ಹೆಚ್ಚಿನ ಪಾಲು ಹೀರಿಕೆಯಾಗುವುದಿಲ್ಲ. ವೈದ್ಯರ ಮಾತಿಗೆ ಇದು ಒಳ್ಳೆಯ ಕಾರಣ. ಹಾಗೆಂದು ನಿಜವಾದ ಕಬ್ಬಿಣದ ಕೊರತೆ ಜೊತೆಗಿರಲಾರದು ಎಂದಲ್ಲ. ನೋವುನಿವಾರಕಗಳಿಂದ ಜಠರದಲ್ಲಿ ರಕ್ತ ಒಸರುವುದು ಸಂಧಿವಾತದವರಲ್ಲಿ ಅಪರೂಪವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಆರೋಗ್ಯವಂತ ವಯಸ್ಕರಿಗೆ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆ ಫೆರಿಟಿನ್ ಅನ್ನು ಕೊರತೆಯೆಂದರೆ, ಉರಿಯೂತವಿದ್ದವರಿಗೆ ಆ ಗೆರೆಯನ್ನು 70ಕ್ಕೆ ಏರಿಸಿದೆ. (ವರದಿಯಲ್ಲಿ ಮಿಲಿಲೀಟರಿಗೆ ನ್ಯಾನೋಗ್ರಾಂ ಎಂದಿದ್ದರೂ ಅಂಕಿ ಅದೇ.) ಅತ್ತೆಯವರ 260 ಈ ಗೆರೆಗಿಂತ ಬಹಳ ಮೇಲಿದೆ, ಆದರೂ ಉರಿಯೂತದ ಮಟ್ಟ ತೋರಿಸುವ ಸಿಆರ್‌ಪಿ ಮತ್ತು ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನು ಎಷ್ಟು ತುಂಬಿದೆ ಎಂದು ಹೇಳುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಅಂಕಿಗಳನ್ನು ಜೊತೆಗಿಟ್ಟೇ ಅದನ್ನು ಓದಬೇಕು. ಆ ಎರಡು ಪರೀಕ್ಷೆಗಳು ಆಗಿವೆಯೇ ಎಂದು ವೈದ್ಯರನ್ನು ಕೇಳಿ. ಸಂಧಿವಾತ ಹತೋಟಿಗೆ ಬಂದಂತೆ ಹೆಪ್ಸಿಡಿನ್ ಇಳಿಯುತ್ತದೆ. ಇಂಟರ್‌ಲ್ಯೂಕಿನ್-6ರ ಗ್ರಾಹಕವನ್ನು (ಅದು ಅಂಟಿಕೊಳ್ಳುವ ಪ್ರೋಟೀನನ್ನು) ತಡೆಯುವ ಟೋಸಿಲಿಜುಮ್ಯಾಬ್ ಎಂಬ ಔಷಧ ಪಡೆದ ರೋಗಿಗಳಲ್ಲಿ ಹಿಮೋಗ್ಲೋಬಿನ್ ಏರುವುದನ್ನು ವೈದ್ಯರು ಕಂಡಿದ್ದಾರೆ.