ಡೇಲೈಟ್ ಸೇವಿಂಗ್ ಟೈಮ್ ಎಲ್ಲ ಊರಿನ ಹವೆಗೂ ಹೊಂದುತ್ತದಾ?

ನಿಮ್ಮ ಪ್ರಶ್ನೆ ಇದು: ಬೇಸಿಗೆ ಬಂದಾಗ ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಡುವ ಪದ್ಧತಿ ಚಳಿ ಊರಿಗೂ ಬಿಸಿಲೂರಿಗೂ ಒಂದೇ ಥರ ಹೊಂದುತ್ತದಾ, ಭಾರತಕ್ಕೂ ತರಬಹುದಾ? ಹೊಂದುವುದಿಲ್ಲ ಅನ್ನುವುದು ನನ್ನ ಉತ್ತರ. ಏಳು ವರ್ಷ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದೆ. ಈಗ ಕೆಲವು ವರ್ಷಗಳಿಂದ ಅರಿಝೋನಾದ ಫೀನಿಕ್ಸ್‌ನಲ್ಲಿದ್ದೇನೆ. ಅಲ್ಲಿ ವರ್ಷಕ್ಕೆ ಎರಡು ಸಲ, ಮಾರ್ಚ್‌ನಲ್ಲಿ ಮುಂದಕ್ಕೆ, ನವೆಂಬರ್‌ನಲ್ಲಿ ಹಿಂದಕ್ಕೆ, ಗಡಿಯಾರ ತಿರುಗಿಸುತ್ತಿದ್ದೆವು. ಇಲ್ಲಿ ಗಡಿಯಾರ ಮುಟ್ಟುವುದೇ ಇಲ್ಲ.

ಮಿನಿಯಾಪೊಲಿಸ್ ಇರುವುದು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನಲ್ಲಿ ಹಗಲು ಒಂಬತ್ತು ಗಂಟೆಯೂ ಇರುವುದಿಲ್ಲ, ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಜೂನ್‌ನಲ್ಲಿ ಹಗಲು ಹದಿನೈದೂವರೆ ಗಂಟೆ. ಗಡಿಯಾರ ಮುಂದಕ್ಕಿಡದಿದ್ದರೆ ಬೆಳಿಗ್ಗೆ 4:26ಕ್ಕೇ ಸೂರ್ಯ ಹುಟ್ಟುತ್ತಾನೆ. ಆ ಹೊತ್ತಿಗೆ ಎದ್ದಿರುವವರು ಎಷ್ಟು ಜನ? ಆ ಬೆಳಕನ್ನು ಸಂಜೆಗೆ ತಂದುಕೊಂಡರೆ ರಾತ್ರಿ 9ರವರೆಗೆ ಸೂರ್ಯ ಇರುತ್ತಾನೆ. ಊಟ ಮುಗಿಸಿ ಮಕ್ಕಳನ್ನು ಕರೆದುಕೊಂಡು ಕೆರೆ ಕಡೆ ಹೋಗುತ್ತಿದ್ದೆವು. ಐದು ತಿಂಗಳು ಚಳಿಗೆ ಮುದುಡಿ ಕೂತಿದ್ದ ಊರು ಆ ಸಂಜೆಗಳಲ್ಲಿ ಪೂರ್ತಿ ಹೊರಗೆ ಬಂದಿರುತ್ತಿತ್ತು. ಮಾರ್ಚ್‌ನಲ್ಲಿ ಒಂದು ವಾರ ನಿದ್ದೆ ಕೆಡುತ್ತಿತ್ತು, ನಿಜ. ಆದರೂ ಅಲ್ಲಿದ್ದಾಗ ಈ ಪದ್ಧತಿ ಬೇಡ ಎಂದು ನನಗೆ ಅನಿಸಿರಲಿಲ್ಲ.

ಫೀನಿಕ್ಸ್‌ಗೆ ಬಂದ ಮೊದಲ ಜೂನ್‌ನಲ್ಲೇ ಆ ಲೆಕ್ಕ ತಲೆಕೆಳಗಾಯಿತು. ಇಲ್ಲಿ ಬೇಸಿಗೆಯಲ್ಲಿ 43 ಡಿಗ್ರಿ ಸೆಲ್ಸಿಯಸ್ ಮಾಮೂಲು. 2023ರಲ್ಲಿ ಸತತ 31 ದಿನ 43.3 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಇತ್ತು. ಬಿಸಿಲಿನ ಝಳ ತುದಿ ಮುಟ್ಟುವುದು ನಡುಮಧ್ಯಾಹ್ನ ಅಲ್ಲ, ಸಂಜೆ ನಾಲ್ಕು ಐದರ ಹೊತ್ತಿಗೆ. ಆರು ಗಂಟೆಯಲ್ಲೂ ಪಾರ್ಕಿನ ಜಾರುಬಂಡೆ ಮುಟ್ಟಿದರೆ ಕೈ ಸುಡುತ್ತದೆ. ಮಕ್ಕಳು ಆಡಲು ಬರುವುದು ಸೂರ್ಯ ಮುಳುಗಿದ ಮೇಲೆ, ಪಾರ್ಕಿನ ದೀಪದ ಬೆಳಕಲ್ಲಿ. ಜೂನ್ ಕೊನೆಗೆ ಸೂರ್ಯ ಮುಳುಗುವುದು 7:40ಕ್ಕೆ. ಗಡಿಯಾರ ಮುಂದಕ್ಕಿಟ್ಟರೆ ಅದು 8:40 ಆಗುತ್ತದೆ. ನನ್ನ ಚಿಕ್ಕ ಮಗಳು ಮಲಗುವ ಹೊತ್ತು ಅದು. ಶಾಲೆ ಇರುವ ದಿನಗಳಲ್ಲಿ ಅವಳು ಹೊರಗೆ ಆಡುವುದೇ ತಪ್ಪಿಹೋಗುತ್ತದೆ.

ಬಿಸಿಲೂರಿನವರಿಗೆ ಬೆಳಗಿನ ಹೊತ್ತೇ ಆಸ್ತಿ. ಇಡೀ ದಿನದಲ್ಲಿ ಮೈಗೆ ಸ್ವಲ್ಪ ಹಿತ ಅನಿಸುವುದು ಆಗ ಮಾತ್ರ. ಜೂನ್‌ನಲ್ಲಿ ಇಲ್ಲಿ 5:18ಕ್ಕೆ ಸೂರ್ಯ ಹುಟ್ಟುತ್ತಾನೆ. ಛಾವಣಿ ಕೆಲಸದವರು ಅಷ್ಟು ಹೊತ್ತಿಗೆ ಏಣಿ ಹತ್ತಿರುತ್ತಾರೆ. ನಾನು ವಾಕಿಂಗ್ ಹೋಗುವುದು, ಗಿಡಕ್ಕೆ ನೀರು ಹಾಕುವುದು, ಮಕ್ಕಳು ಸೈಕಲ್ ಹೊಡೆಯುವುದು ಎಲ್ಲ ಆಗಲೇ. ಎಂಟಕ್ಕೆ ಆಫೀಸು ಅಂದರೆ ಅದಕ್ಕೆ ಮೊದಲು ಎರಡು ಗಂಟೆ ನಲವತ್ತು ನಿಮಿಷ ಬೆಳಕು ಸಿಗುತ್ತದೆ. ಗಡಿಯಾರ ಮುಂದಕ್ಕಿಟ್ಟರೆ ಅದರಲ್ಲಿ ಒಂದು ಗಂಟೆ ಹೋಯಿತು. ಹೊಸ ಬೆಳಕನ್ನು ಯಾರೂ ತಂದುಕೊಡುವುದಿಲ್ಲ ಅಲ್ವಾ? ಬೆಳಗಿನ ತುದಿಯಿಂದ ಒಂದು ಗಂಟೆ ಕತ್ತರಿಸಿ ಸಂಜೆಯ ತುದಿಗೆ ಹೊಲಿಯುತ್ತಾರೆ, ಅಷ್ಟೇ. ಮಿನಿಯಾಪೊಲಿಸ್‌ನವರು ಮಲಗಿ ಕಳೆಯುವ ಗಂಟೆ ಅದು, ಫೀನಿಕ್ಸ್‌ನವರು ಅದನ್ನೇ ನಂಬಿಕೊಂಡು ಬದುಕುತ್ತಾರೆ.

ಅರಿಝೋನಾ ಇದನ್ನು ಒಂದು ಸಲ ಮಾಡಿ ನೋಡಿದೆ, 1967ರ ಬೇಸಿಗೆಯಲ್ಲಿ. ತಾಯಂದಿರು ಮಕ್ಕಳನ್ನು ಮಲಗಿಸಲು ಒದ್ದಾಡಿದರು. ಕಾರಿನಲ್ಲೇ ಕೂತು ಸಿನಿಮಾ ನೋಡುವ ಡ್ರೈವ್-ಇನ್ ಥಿಯೇಟರುಗಳು ಆಗ ಇಲ್ಲಿ ತುಂಬಾ ಇದ್ದವು. ಕತ್ತಲಾಗುವವರೆಗೆ ಅವರು ಪರದೆ ಮೇಲೆ ಏನೂ ತೋರಿಸುವಂತಿರಲಿಲ್ಲ. 1968ರಲ್ಲಿ ರಾಜ್ಯ ಈ ಪದ್ಧತಿಯಿಂದ ಹೊರಬಂತು. ಈಶಾನ್ಯ ಮೂಲೆಯ ನವಾಹೋ ಜನರ ನಾಡು ಮಾತ್ರ ಈಗಲೂ ಗಡಿಯಾರ ತಿರುಗಿಸುತ್ತದೆ. ಅವರ ನೆಲ ಪಕ್ಕದ ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳಿಗೂ ಹರಡಿದೆ, ಹಾಗಾಗಿ ಒಂದೇ ಸಮಯ ಬೇಕು. ಎತ್ತರದ ಜಾಗವಾದ್ದರಿಂದ ಅಲ್ಲಿ ಫೀನಿಕ್ಸ್‌ನಷ್ಟು ಸೆಕೆಯೂ ಇಲ್ಲ.

ಕರೆಂಟ್ ಉಳಿಯುತ್ತದೆ ಅನ್ನುವ ಮಾತಿಗೆ ಬರೋಣ. 1916ರಲ್ಲಿ ಜರ್ಮನಿ ಇದನ್ನು ಜಾರಿಗೆ ತಂದಾಗ ಯುದ್ಧ ನಡೆಯುತ್ತಿತ್ತು, ದೀಪಕ್ಕೆ ಸುಡುವ ಕಲ್ಲಿದ್ದಲು ಉಳಿಸಬೇಕಿತ್ತು. ಆಗ ಮನೆಗಳಲ್ಲಿ ಎಸಿ ಇರಲಿಲ್ಲ. ಈಗ ದೀಪಕ್ಕೆ ಹೋಗುವುದು ಚೂರೇ ಚೂರು, ಬಿಲ್ ಏರಿಸುವುದು ಎಸಿ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ 2006ರವರೆಗೆ ಹೆಚ್ಚಿನ ಜಿಲ್ಲೆಗಳು ಗಡಿಯಾರ ತಿರುಗಿಸುತ್ತಿರಲಿಲ್ಲ. ಆ ವರ್ಷದಿಂದ ಇಡೀ ರಾಜ್ಯ ಶುರುಮಾಡಿತು. ಮ್ಯಾಥ್ಯೂ ಕಾಚೆನ್ ಮತ್ತು ಲಾರಾ ಗ್ರಾಂಟ್ ಎಂಬ ಅರ್ಥಶಾಸ್ತ್ರಜ್ಞರು ಮೊದಲಿನ, ಆಮೇಲಿನ ಕರೆಂಟ್ ಬಿಲ್‌ಗಳನ್ನು ಹೋಲಿಸಿದರು. ದೀಪದ ಖರ್ಚು ಕಡಿಮೆಯಾಗಿತ್ತು, ಆದರೆ ಸಂಜೆಯ ಎಸಿ ಮತ್ತು ಬೆಳಗಿನ ಹೀಟರ್ ಅದನ್ನು ನುಂಗಿಹಾಕಿದ್ದವು. ಮನೆಗಳ ಬಳಕೆ ಒಟ್ಟಾರೆ ಸುಮಾರು ಶೇ. 1ರಷ್ಟು ಏರಿತ್ತು. ಇಂಡಿಯಾನಾ ಅಂಥ ಬಿಸಿಲು ರಾಜ್ಯವೂ ಅಲ್ಲ. ಬ್ರೆಜಿಲ್‌ನದ್ದೂ ಇದೇ ಕಥೆ. ಅಲ್ಲಿ ಎಷ್ಟೋ ವರ್ಷ ದಕ್ಷಿಣದ ರಾಜ್ಯಗಳು ಗಡಿಯಾರ ತಿರುಗಿಸುತ್ತಿದ್ದವು, ಸಮಭಾಜಕ ರೇಖೆ ಹತ್ತಿರದ ಉತ್ತರದವರು ತಿರುಗಿಸುತ್ತಿರಲಿಲ್ಲ. ಎಸಿ ಹೆಚ್ಚಾಗಿ, ಕರೆಂಟಿಗೆ ಬೇಡಿಕೆ ಏರುವ ಹೊತ್ತು ಸಂಜೆಯಿಂದ ಮಧ್ಯಾಹ್ನಕ್ಕೆ ಸರಿದ ಮೇಲೆ 2019ರಲ್ಲಿ ಇಡೀ ದೇಶದಲ್ಲೇ ನಿಲ್ಲಿಸಿದರು.

ನಿಮ್ಮ ಪ್ರಶ್ನೆಗೆ ಸರಿಯಾಗಿ ಹೊಂದುವ ಉದಾಹರಣೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್. ಮೂರು ವರ್ಷ ಪ್ರಯೋಗ ಮಾಡಿ 1992ರ ಫೆಬ್ರವರಿಯಲ್ಲಿ ಜನರನ್ನೇ ಕೇಳಿದರು. ಶೇ. 54.5 ಜನ ಬೇಡ ಅಂದರು. ಬ್ರಿಸ್ಬೇನ್ ಇರುವ ಆಗ್ನೇಯ ಭಾಗದವರು ಬೇಕು ಅಂದಿದ್ದರು. ಬೇಡ ಅಂದವರು ಜಾಸ್ತಿ ಇದ್ದದ್ದು ಉತ್ತರದ ಉಷ್ಣವಲಯದ ಊರುಗಳಲ್ಲಿ ಮತ್ತು ಪಶ್ಚಿಮದ ಬಿಸಿ ಬಯಲಿನಲ್ಲಿ. ಒಂದೇ ರಾಜ್ಯ, ಒಂದೇ ಸರ್ಕಾರ. ಆದರೂ ಯಾರಿಗೆ ಸಂಜೆ ಬಿಸಿಲು ಹಿತ, ಯಾರಿಗೆ ಅದು ಹಿಂಸೆ ಎಂದು ಮತಪೆಟ್ಟಿಗೆಯಲ್ಲೇ ಕಾಣಿಸಿತು.

ರೈತರಿಗಾಗಿ ಇದನ್ನು ಮಾಡಿದ್ದು ಎಂದು ತುಂಬಾ ಜನ ಹೇಳುತ್ತಾರೆ, ಅದು ಸರಿಯಲ್ಲ. ನಾನು ಮಿನಿಯಾಪೊಲಿಸ್‌ನಲ್ಲಿದ್ದಾಗ ಬೆಳಿಗ್ಗೆ 7:30ಕ್ಕೆ ತಿಪಟೂರು ಕಡೆ ಹಳ್ಳಿಯಲ್ಲಿರುವ ಅಮ್ಮನಿಗೆ ಫೋನ್ ಮಾಡುತ್ತಿದ್ದೆ. ಚಳಿಗಾಲದಲ್ಲಿ ಅದು ಅಲ್ಲಿಗೆ ಸಂಜೆ 7. ಮಾರ್ಚ್ ಬಂದರೆ ಅದೇ ಫೋನ್ 6ಕ್ಕೇ ಹೋಗುತ್ತಿತ್ತು, ಅಮ್ಮ ಹಾಲು ಕರೆಯುವ ಹೊತ್ತಿಗೆ. ಕಾರಣ ವಿವರಿಸಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಅಲ್ಲಿನ ಹಸುಗಳಿಗೆ ಇದು ಹೇಗಪ್ಪಾ ಗೊತ್ತಾಗುತ್ತೆ?" ಅಮೆರಿಕದ ರೈತರೂ ಇದನ್ನೇ ಕೇಳಿದ್ದರು. ಹುಲ್ಲಿನ ಮೇಲಿನ ಇಬ್ಬನಿ ಆರುವುದು ಬಿಸಿಲಿಗೆ, ಕೂಲಿಯಾಳು ಬಂದು ಹೋಗುವುದು ಗಡಿಯಾರಕ್ಕೆ. ಬೆಳಿಗ್ಗೆ ಒಂದು ಗಂಟೆ ಸುಮ್ನೆ ಕೂರಬೇಕಾಗುತ್ತಿತ್ತು. 1918ರಲ್ಲಿ ಬಂದ ಕಾನೂನನ್ನು 1919ರಲ್ಲಿ ತೆಗೆಸಲು ಅವರೇ ಮುಂದೆ ನಿಂತರು.

ಇನ್ನು ಭಾರತ. ಬೆಂಗಳೂರಿನ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಮಿನಿಯಾಪೊಲಿಸ್‌ನಲ್ಲಿ ಅದು ಏಳು ಗಂಟೆಯ ಹತ್ತಿರ. ಬೇಸಿಗೆಗೆ ಒಂದು, ಚಳಿಗಾಲಕ್ಕೆ ಒಂದು ಗಡಿಯಾರ ಇಟ್ಟುಕೊಳ್ಳುವಷ್ಟು ನಮ್ಮ ಹಗಲು ಬದಲಾಗುವುದೇ ಇಲ್ಲ. ನಮಗೆ ಬೇರೆ ಸಮಸ್ಯೆ ಇದೆ, ದೇಶದ ಅಗಲದ್ದು. ಗುವಾಹಟಿಯಲ್ಲಿ ಜೂನ್‌ನಲ್ಲಿ ನಾಲ್ಕೂವರೆಗೆ ಬೆಳಗಾಗುತ್ತದೆ, ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಅಸ್ಸಾಮಿನ ಚಹಾ ತೋಟಗಳು ಅದಕ್ಕೇ ಒಂದು ಗಂಟೆ ಮುಂದಿನ ತಮ್ಮದೇ 'ಬಾಗಾನ್ ಟೈಮ್' ಇಟ್ಟುಕೊಂಡು ಬಂದಿವೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಡಿ.ಪಿ. ಸೇನ್‌ಗುಪ್ತ ಮತ್ತು ದಿಲೀಪ್ ಅಹುಜ ಬೇರೊಂದು ದಾರಿ ಸೂಚಿಸಿದ್ದರು: ಇಡೀ ದೇಶದ ಸಮಯವನ್ನು ಒಂದೇ ಸಲ, ಕಾಯಂ ಆಗಿ, ಅರ್ಧ ಗಂಟೆ ಮುಂದಕ್ಕಿಡುವುದು. ವರ್ಷಕ್ಕೆರಡು ಸಲ ತಿರುಗಿಸುವುದಕ್ಕಿಂತ ಇದು ಎಷ್ಟೋ ಮೇಲು ಎಂದು ನನಗೂ ಅನಿಸುತ್ತದೆ. ಬೆಂಗಳೂರಿನ ತಂಪಿಗೆ ಅದು ಒಪ್ಪೀತು. ರಾಯಚೂರಿನ ಮೇ ತಿಂಗಳಿಗೆ ಒಪ್ಪುವುದು ಕಷ್ಟ.

ಅಲ್ಲಿಯವರು ಗಡಿಯಾರ ಮುಟ್ಟದೆಯೇ ಒಂದು ದಾರಿ ಮಾಡಿಕೊಂಡಿದ್ದಾರೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳ ಸಮಯವನ್ನೇ ಬದಲಿಸುತ್ತಾರೆ. ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30. ಬಿಸಿಲು ಜೋರಿರುವ ಜಿಲ್ಲೆಗಳಿಗೆ ಮಾತ್ರ, ಬಿಸಿಲು ಜೋರಿರುವ ತಿಂಗಳುಗಳಿಗೆ ಮಾತ್ರ. ಶಿವಮೊಗ್ಗದವರಿಗೆ, ಮಡಿಕೇರಿಯವರಿಗೆ ಇದರಿಂದ ಏನೂ ತೊಂದರೆ ಇಲ್ಲ, ರೈಲು ಬಸ್ಸಿನ ವೇಳೆಯೂ ಕೆಡುವುದಿಲ್ಲ. ನಮ್ಮ ಭಾವ ರಾಯಚೂರಿನಲ್ಲಿ ಗುಮಾಸ್ತರು. ಆ ಎರಡು ತಿಂಗಳು ಏಳೂವರೆಗೆ ಮನೆ ಬಿಡುತ್ತಾರೆ, ಎರಡಕ್ಕೆಲ್ಲ ಬಂದು ಊಟ ಮಾಡಿ, ಕಿಟಕಿ ಮುಚ್ಚಿ ಮಲಗುತ್ತಾರೆ. ಜೂನ್ ಬಂದು ನಾಲ್ಕು ಹನಿ ಬಿದ್ದರೆ ಮತ್ತೆ ಹತ್ತು ಗಂಟೆಯ ಕಚೇರಿ.